ಕಣ್ಣಕ್ಕ, ಮೂಗಕ್ಕ

ಪೇಟೆಬೀದಿಯ ತಿರುವಿನಲ್ಲಿ, ಪಾತ್ರೆ ಅಂಗಡಿಯ ಮೆಟ್ಟಿಲ ಪಕ್ಕ ಕೂತು ಕಾಡುಸೊಪ್ಪು ಮಾರುತ್ತಿದ್ದ ಅಕ್ಕತಂಗಿಯರನ್ನು ಅವರ ಹೆಸರು ಹಿಡಿದು ಕರೆದವರೇ ಇಲ್ಲ. ದೊಡ್ಡವಳು ಮೂಗಕ್ಕ, ಚಿಕ್ಕವಳು ಕಣ್ಣಕ್ಕ. ಈ ಹೆಸರಿಟ್ಟವನು ಪಾತ್ರೆ ಅಂಗಡಿಯ ಯಜಮಾನ. ಬೆಳಿಗ್ಗೆ ಅವನು ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಇಬ್ಬರೂ ಬುಟ್ಟಿ ಹೊತ್ತು ಬರುತ್ತಿದ್ದರು. ಅವನು ಅಲ್ಲಿಂದಲೇ, "ಕಣ್ಣು ಬಂತು, ಮೂಗು ಬಂತು, ಇನ್ನು ಬಾಯಿಗಳು ಬರೋದೊಂದೇ ಬಾಕಿ" ಎನ್ನುತ್ತಿದ್ದ. ಬಾಯಿಗಳೆಂದರೆ ಗಿರಾಕಿಗಳು. ದಿನಾ ಅದೇ ಮಾತು, ದಿನಾ ಅದೇ ನಗು. ಕಣ್ಣಕ್ಕನಂತೂ ಪ್ರತಿ ಸಲವೂ ಮೊದಲ ಸಲ ಕೇಳಿದವಳ ಹಾಗೆ ನಗುತ್ತಿದ್ದಳು.

ಹೆಸರು ತಮಾಷೆಯದಾದರೂ ಸುಳ್ಳಲ್ಲ. ಮೂಗಕ್ಕನಿಗೆ ಹುಟ್ಟಿದಾಗಿನಿಂದ ದೃಷ್ಟಿ ಮಂದ. ಸೋಡಾ ಬಾಟಲಿಯ ತಳದಂಥ ಕನ್ನಡಕ ಹಾಕಿದರೂ ಮೊಳ ದೂರದ ಎಲೆ ಅವಳ ಪಾಲಿಗೆ ಬರೀ ಹಸಿರು ಮಸುಕು. ಆದರೆ ಮೂಗು ಅಂದರೆ ಮೂಗು. ಪಕ್ಕದ ಮನೆಯಲ್ಲಿ ಹಾಲು ತಳ ಹಿಡಿಯುತ್ತಿದ್ದರೆ ಇವಳು ಇಲ್ಲಿಂದಲೇ ಕೂಗಿ ಎಚ್ಚರಿಸುತ್ತಿದ್ದಳು. ತಂಗಿಯ ಗಂಡ ಬೀಗ ರಿಪೇರಿ ಮಾಡುವವನು. ಸಂಜೆ ಅವನು ಹೊಸ್ತಿಲು ದಾಟುವ ಮೊದಲೇ ಅವತ್ತು ಉಜ್ಜಿದ್ದು ಹಿತ್ತಾಳೆಯೋ ಕಬ್ಬಿಣವೋ ಅಂತ ಹೇಳಿಬಿಡುತ್ತಿದ್ದಳು. ಈ ಮನೆಯಲ್ಲಿ ಒಂದು ಸಿಗರೇಟು ಸೇದುವ ಸ್ವಾತಂತ್ರ್ಯವೂ ಇಲ್ಲ ಎಂದು ಅವನು ಹೆಂಡತಿಯ ಹತ್ತಿರ ಗೊಣಗಿ ಗೊಣಗಿ, ಕೊನೆಗೆ ಸೇದುವುದನ್ನೇ ಬಿಟ್ಟ.

ಕಣ್ಣಕ್ಕನದು ಹದ್ದಿನ ಕಣ್ಣು. ಊರಾಚೆ, ಹಳೆಯ ಇಟ್ಟಿಗೆ ಗೂಡುಗಳ ಹಿಂದೆ ಒಂದು ಹಳ್ಳ ಹರಿಯುತ್ತಿತ್ತು. ಅದರ ಎರಡೂ ದಡದಲ್ಲಿ ಜೊಂಡು, ಪೊದೆ, ನೂರೆಂಟು ಬಗೆಯ ಗಿಡ. ಜೊಂಡಿನಲ್ಲಿ ಏನಾದರೂ ಸರಿದರೆ ಮೂಗಕ್ಕನಿಗೆ ಸದ್ದು ಮಾತ್ರ ಕೇಳುತ್ತಿತ್ತು, ಅವಳು ಎದ್ದು ನಿಲ್ಲುತ್ತಿದ್ದಳು. ತಂಗಿ ಒಂದೇ ನೋಟದಲ್ಲಿ ತಲೆ, ಬಾಲ, ಮೈಮೇಲಿನ ಪಟ್ಟೆ ಎಲ್ಲ ಅಳೆದು, "ನೀರುಹಾವು ಕಣೆ, ಕಪ್ಪೆ ಹುಡುಕ್ತಿದೆ ಪಾಪ, ನೀನು ಕೂತ್ಕೋ" ಎನ್ನುತ್ತಿದ್ದಳು. ಎಲ್ಲೋ ಅಪರೂಪಕ್ಕೆ ಮಾತ್ರ ದನಿ ತಗ್ಗಿಸಿ, "ಅಕ್ಕಾ, ಕಾಲು ಎತ್ತಬೇಡ" ಎನ್ನುವಳು. ಮೂಗಕ್ಕ ಆಗ ಕಲ್ಲಾಗಿ ನಿಲ್ಲುವಳು, ಯಾಕೆಂದು ಕೇಳುತ್ತಿರಲಿಲ್ಲ. ತಂಗಿ ಕೈ ಹಿಡಿದು ನಡೆಸಿದ ಮೇಲೆ ಮತ್ತೆ ಉಸಿರು.

ಕಸುಬು ಅವರ ಅಮ್ಮನಿಂದ ಬಂದದ್ದು. ಅಮ್ಮನ ಕಲಿಸುವಿಕೆ ಬಲು ಕಟ್ಟುನಿಟ್ಟು. ಒಂದು ಗಿಡ ತೋರಿಸಿ ಏನೆಂದು ಕೇಳುವಳು. ತಪ್ಪಿದರೆ ಅದೇ ಗಿಡದ ದಂಟಿನಿಂದ ಕಾಲಿಗೆ ಒಂದು ಬೀಳುತ್ತಿತ್ತು. ದೊಡ್ಡವಳಿಗೆ ಕಣ್ಣೇ ಕಾಣದಿದ್ದ ಮೇಲೆ ಬೀಳುತ್ತಿದ್ದುದು ಅವಳಿಗೇ ಹೆಚ್ಚು. ಚಿಕ್ಕವಳು ಇದನ್ನು ನೋಡಲಾರದೆ ಒಂದು ಉಪಾಯ ಹೂಡಿದಳು. ತಿನ್ನುವ ಗಿಡವಾದರೆ ಅಕ್ಕನ ಹಿಮ್ಮಡಿಗೆ ಒಂದು ಸಲ ಬೆರಳು ತಾಗಿಸುವುದು, ವಿಷದ್ದಾದರೆ ಎರಡು ಸಲ. ಕೆಲವು ದಿನ ಹೀಗೇ ಸಾಗಿತು. ಒಂದು ದಿನ ಚಿಕ್ಕವಳ ಬೆರಳು ತಾಗುವ ಮೊದಲೇ ದೊಡ್ಡವಳು ಎಲೆ ಹೊಸಕಿ ಮೂಗಿಗೆ ಹಿಡಿದು ಸರಿಯಾಗಿ ಹೇಳಿಬಿಟ್ಟಳು. ಮರುದಿನವೂ ಹೇಳಿದಳು. ಆಮೇಲೆ ಹಿಮ್ಮಡಿಯ ಸಂಜ್ಞೆ ಬೇಕಾಗಲೇ ಇಲ್ಲ. ಆದರೂ ಚಿಕ್ಕವಳು ಬಹಳ ದಿನ ಸುಮ್ಮನೆ ಕಾಲು ಕೆರೆಯುತ್ತಿದ್ದಳು, ಕಚಗುಳಿ ಇಡಲು.

ಅವರ ವ್ಯಾಪಾರಕ್ಕೆಲ್ಲ ಜೀವಾಳ ಹಳ್ಳದ ಸೊಪ್ಪು. ಚಳಿ ಮುಗಿದು ಬಿಸಿಲು ಬಲಿಯುವ ಮುಂಚಿನ ಕೆಲವೇ ವಾರ ಸಿಗುವ ಎಳೆಸೊಪ್ಪು ಅದು. ಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿದಂಥ ಎಲೆ. ಬರೀ ಉಪ್ಪು ಹಾಕಿ ಬೇಯಿಸಿದರೂ ಸಾಕು, ಜನ ಬೆರಳು ಚೀಪುತ್ತಿದ್ದರು. ತೊಂದರೆಯೆಂದರೆ ಅದರ ಪಕ್ಕದಲ್ಲೇ, ಅದೇ ಒದ್ದೆ ಮಣ್ಣಿನಲ್ಲಿ, ಥೇಟ್ ಅದರ ಹಾಗೇ ಇನ್ನೊಂದು ಬೆಳೆಯುತ್ತಿತ್ತು. ಅದು ಹೊಟ್ಟೆಗೆ ಹೋದರೆ ಮೊದಲು ಕಾಲು ಸೋಲುತ್ತದೆ, ಆಮೇಲೆ ಕೈ, ಆಮೇಲೆ ಉಸಿರು. ಅಕ್ಕತಂಗಿ ಅದನ್ನು ಕಳ್ಳ ಎನ್ನುತ್ತಿದ್ದರು. ಬಲಿತ ಮೇಲೆ ಕಳ್ಳನ ದಂಟಿನಲ್ಲಿ ನೇರಳೆ ಮಚ್ಚೆಗಳು ಮೂಡುತ್ತವೆ, ಆಗ ಯಾರಾದರೂ ಗುರುತಿಸಬಹುದು. ಎಳೆಯದರಲ್ಲಿ ಮಾತ್ರ ಎರಡೂ ಅವಳಿಜವಳಿ. ಒಳ್ಳೆಯದರ ದಂಟಿನ ಮೇಲೆ ಕಂಡೂ ಕಾಣದಂಥ ರೋಮ ಇರುತ್ತದೆ, ಕಳ್ಳನದು ನುಣುಪು. ಅದು ಕಣ್ಣಕ್ಕನ ಕೆಲಸ. ಒಳ್ಳೆಯದನ್ನು ಹೊಸಕಿದರೆ ಗಜ್ಜರಿಯ ಪರಿಮಳ, ಕಳ್ಳನನ್ನು ಹೊಸಕಿದರೆ ಇಲಿ ಗೂಡು ಕಟ್ಟಿದ ಹಳೆಯ ಪೆಟ್ಟಿಗೆಯ ವಾಸನೆ. ಅದು ಮೂಗಕ್ಕನ ಕೆಲಸ. ತಂಗಿ ಕಿತ್ತು ಕೊಡುವಳು, ಅಕ್ಕ ತುದಿ ಹೊಸಕಿ ಮೂಸಿ ಬುಟ್ಟಿಗೆ ಹಾಕುವಳು. ಎರಡು ಕಾವಲು ದಾಟದೆ ಒಂದು ಕಡ್ಡಿಯೂ ಪೇಟೆಗೆ ಬರುತ್ತಿರಲಿಲ್ಲ. ಇಬ್ಬರೂ ಸೇರಿದರೆ ಒಬ್ಬ ಪೂರ್ತಿ ಸೊಪ್ಪಿನವಳು ಎಂದು ಅಮ್ಮ ಸಾಯುವ ಮುಂಚೆ ಅರ್ಧ ಬೇಸರದಲ್ಲಿ, ಅರ್ಧ ಸಮಾಧಾನದಲ್ಲಿ ಹೇಳಿದ್ದಳು.

ಮೂಗಕ್ಕನಿಗೆ ಮದುವೆಯಾಗಲಿಲ್ಲ. ಕಣ್ಣಕ್ಕನ ಮದುವೆ ಗೊತ್ತಾದಾಗ ಅವಳು ಬೀಗದವನಿಗೆ ಒಂದೇ ಮಾತು ಹೇಳಿದಳಂತೆ: ಅಕ್ಕ ನನ್ನ ಜೊತೆ ಬರ್ತಾಳೆ, ಅದು ಒಪ್ಪಿಗೆಯಾದರೆ ಮುಂದಿನ ಮಾತು. ಅವನು ಒಪ್ಪಿದ. ಬೀಗದಂಗಡಿಯ ಹಿಂದೆ ಎರಡು ಕೋಣೆ. ಒಳಗಿನದು ಗಂಡಹೆಂಡಿರದು, ಅಡುಗೆಯದರಲ್ಲೇ ಒಂದು ಮೂಲೆ ಮೂಗಕ್ಕನದು. ಮಕ್ಕಳಾಗಲಿಲ್ಲ. ಅವನು ಮಾತು ಕಡಿಮೆಯ ಮನುಷ್ಯ, ಅತ್ತಿಗೆಯ ಹತ್ತಿರವಂತೂ ಇನ್ನೂ ಕಡಿಮೆ. ಇಷ್ಟು ವರ್ಷ ಒಂದೇ ಒಲೆಯ ಅನ್ನ ಉಂಡರೂ ಅವರಿಬ್ಬರ ನಡುವಿನ ಮಾತೆಲ್ಲ ಕಣ್ಣಕ್ಕನ ಮೂಲಕವೇ ಹಾದುಹೋಗುತ್ತಿತ್ತು.

ಆ ವರ್ಷ ಚಳಿಗಾಲದಲ್ಲಿ ಊರಿಗೆ ಜ್ವರ ಬಂತು. ಮೊದಲು ಶಾಲೆ ಮುಚ್ಚಿದರು, ಆಮೇಲೆ ಪೇಟೆ. ಮೂಗಕ್ಕ ಮೊದಲು ಮಲಗಿದಳು. ಅವಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತ ತಂಗಿ ಎರಡು ದಿನಕ್ಕೆ ತಾನೂ ಮಲಗಿದಳು. ಇಬ್ಬರನ್ನೂ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಮಂಚ ಸಿಕ್ಕಿದ್ದು ಬೇರೆ ಬೇರೆ ವಾರ್ಡಿನಲ್ಲಿ. ಮೂಗಕ್ಕನಿಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ. ಜ್ವರ ಇಳಿದು ಕಣ್ಣು ಬಿಟ್ಟಾಗ ಮಂಚದ ಪಕ್ಕ ಬೀಗದವನು ನಿಂತಿದ್ದ. ಕೈಯಲ್ಲಿ ಬೀಗದ ಕೈಗೊಂಚಲು ಹಿಡಿದು ಒಂದೊಂದೇ ತಿರುಗಿಸುತ್ತಿದ್ದ.

"ಆಯ್ತು, ಅತ್ತಿಗೆ" ಎಂದ.

"ಏನಾಯ್ತು?"

"ಎಲ್ಲಾ ಆಯ್ತು. ನಿನ್ನೆ ಮಣ್ಣು ಮಾಡಿ ಬಂದ್ವಿ."

ಮೂಗಕ್ಕ ಮತ್ತೆ ಕಣ್ಣು ಮುಚ್ಚಿದಳು. ಅಳು ಬರುತ್ತದೆಂದು ಕಾದಳು. ಬರಲಿಲ್ಲ. ಪಕ್ಕದ ಮಂಚದವಳು ಅತ್ತಳು, ನರ್ಸು ಮುಖ ತಿರುಗಿಸಿದಳು. ಇವಳು ಮಾತ್ರ ಒಣಗಿದ ಕೊಳಾಯಿಯ ಹಾಗೆ ಮಲಗಿದ್ದಳು.

ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಅಲ್ಲೇ ಪಕ್ಕದಲ್ಲಿ ಕೂತಿದ್ದಳು. ಅಂಗಡಿಯಿಂದ ಬೀಗದವನು ಓಡಿ ಬಂದು ಪಾತ್ರೆ ಇಳಿಸಿದ. ಹಾಲು ಸೀದು ಕಪ್ಪಾಗಿತ್ತು, ಕೋಣೆಯ ತುಂಬ ಹೊಗೆ. ದುಃಖದಲ್ಲಿ ಮೈಮರೆತಿದ್ದಾಳೆ ಎಂದುಕೊಂಡು ಅವನು ಹೊಗೆ ಹೋಗಲೆಂದು ಬಾಗಿಲು ತೆರೆದಿಟ್ಟ. ಅವನು ಅತ್ತ ಹೋದದ್ದೇ ತಡ, ಮೂಗಕ್ಕ ಎದ್ದು ಸೋಪು ಮೂಸಿದಳು. ಬೆಳ್ಳುಳ್ಳಿ ಜಜ್ಜಿ ಮೂಸಿದಳು. ಸೀಮೆಎಣ್ಣೆ ಡಬ್ಬಿಯ ಮುಚ್ಚಳ ತೆಗೆದು ಮೂಗನ್ನು ಒಳಗೇ ಇಟ್ಟಳು. ಎಲ್ಲವೂ ನೀರು. ಎಲ್ಲವೂ ಗಾಳಿ.

ಆಮೇಲೆ ಒಳಕೋಣೆಗೆ ಹೋಗಿ ಗೂಟಕ್ಕೆ ತೂಗುಹಾಕಿದ್ದ ತಂಗಿಯ ಉಣ್ಣೆ ಶಾಲು ತೆಗೆದು ಮುಖಕ್ಕೆ ಒತ್ತಿಕೊಂಡಳು. ಹತ್ತಾರು ಚಳಿಗಾಲ ಹಳ್ಳಕ್ಕೆ ಹೊದ್ದು ಹೋದ ಶಾಲು. ಅದರಲ್ಲಿ ಏನೇನಿರುತ್ತದೆ ಎಂದು ಅವಳಿಗೆ ಬಾಯಿಪಾಠ: ಹಸಿ ಎಲೆ, ಕೆಸರು, ತಲೆಗೆ ಹಚ್ಚುವ ಎಣ್ಣೆ, ಬೆವರು. ಉಸಿರು ಒಳಗೆಳೆದಳು. ಉಣ್ಣೆಯ ಎಳೆ ಮೂಗಿಗೆ ಚುಚ್ಚಿತು, ಅಷ್ಟೆ. ಮತ್ತೆ ಮತ್ತೆ ಎಳೆದಳು. ಊರಿಗೆಲ್ಲ ತಂಗಿ ಒಮ್ಮೆ ಸತ್ತಿದ್ದಳು. ಇವಳಿಗೆ ಮಾತ್ರ ಅವಳು ಆ ಕೋಣೆಯಲ್ಲಿ ಇನ್ನೊಮ್ಮೆ ಸತ್ತ ಹಾಗಾಯಿತು. ಆಗಲೂ ಕಣ್ಣೀರು ಬರಲಿಲ್ಲ.

ಇದನ್ನು ಅವಳು ಯಾರಿಗೂ ಹೇಳಲಿಲ್ಲ. ನೆಗಡಿ ಹೋದ ಹಾಗೆ ಇದೂ ಹೋದೀತು ಎಂದುಕೊಂಡಳು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು: ಮೂಗೂ ಇಲ್ಲದ ಮೂಗಕ್ಕ ಎಂದರೆ ಯಾರು? ಕಣ್ಣು ಮಂದವಾದ, ಗಂಡನೂ ಮಕ್ಕಳೂ ಇಲ್ಲದ, ತಂಗಿಯ ಗಂಡನ ಮನೆಯ ಮೂಲೆಯಲ್ಲಿ ಮಲಗುವ ಹೆಂಗಸು. ಅಷ್ಟೇ ತಾನೆ?

ಪೇಟೆ ತೆರೆದ ಮೇಲೆ ಒಬ್ಬಳೇ ಹೋಗಿ ಮೆಟ್ಟಿಲ ಪಕ್ಕ ಕೂತಳು. ಪಾತ್ರೆ ಅಂಗಡಿಯ ಯಜಮಾನ ಎಂದಿನ ಮಾತಿಗೆ ಬಾಯಿ ತೆರೆದವನು ಅರ್ಧಕ್ಕೇ ನುಂಗಿಕೊಂಡು, ಒಂದು ಲೋಟ ಚಹಾ ತರಿಸಿಕೊಟ್ಟ. ಮೊದಮೊದಲು ಅವಳು ಬಲು ಎಚ್ಚರಿಕೆಯಿಂದಿದ್ದಳು. ಅಗಲ ಎಲೆಯವು, ಅಂಚಿನಲ್ಲಿ ಮುಳ್ಳಿರುವವು, ಮುಟ್ಟಿದರೆ ತಣ್ಣಗೆ ಲೋಳೆ ಹತ್ತುವವು, ಹೀಗೆ ಕೈಗೆ ಸುಳ್ಳು ಹೇಳಲಾರದ ಸೊಪ್ಪುಗಳನ್ನಷ್ಟೇ ಕಿತ್ತು ತರುತ್ತಿದ್ದಳು. ಜೊಂಡಿನ ಹತ್ತಿರ ಹೋಗುತ್ತಿರಲಿಲ್ಲ. ಏನಾದರೂ ಸರಿದರೆ ಕಾಲು ಎತ್ತಬೇಕೋ ಬಾರದೋ ಎಂದು ಹೇಳುವವರು ಯಾರು?

ಬಿಸಿಲು ಮೆಲ್ಲಗೆ ಏರತೊಡಗಿತು. ಗಿರಾಕಿಗಳು ಹಳ್ಳದ ಸೊಪ್ಪು ಬಂತಾ ಎಂದು ಕೇಳಲು ಶುರುಮಾಡಿದರು. ಇನ್ನೂ ಚಿಗುರಿಲ್ಲ ಎಂದು ಸುಳ್ಳು ಹೇಳಿದಳು. ಎಲ್ಲರಿಗಿಂತ ಹೆಚ್ಚು ಪೀಡಿಸಿದವಳು ದರ್ಜಿ ಅಜ್ಜಿ. ಎದುರು ಕಟ್ಟಡದ ಮೇಲಿನ ಮಹಡಿಯಲ್ಲಿ ಒಬ್ಬಳೇ ಇದ್ದು, ಈಗಲೂ ಗುಂಡಿ ಕಾಜಾ ಹೊಲಿದುಕೊಂಡಿದ್ದ ಮುದುಕಿ. ಜ್ವರ ಅವಳನ್ನೂ ಹಿಂಡಿ ಹಿಪ್ಪೆ ಮಾಡಿತ್ತು. ಬಾಯಿಗೆ ಏನೂ ರುಚಿಸುವುದಿಲ್ಲ, ಆ ಸೊಪ್ಪು ಒಂದು ಹಿಡಿ ಸಿಕ್ಕರೆ ಎದ್ದು ಓಡಾಡಿಯೇನು ಎಂದು ದಿನಾ ಕಿಟಕಿಯಿಂದ ಕೂಗುತ್ತಿದ್ದಳು. ತಂಗಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಅಜ್ಜಿಗೆ ಮೊದಲ ಕಟ್ಟು ತಲುಪುತ್ತಿತ್ತು ಎಂಬುದು ಮೂಗಕ್ಕನಿಗೆ ಮುಳ್ಳಿನ ಹಾಗೆ ಚುಚ್ಚಿತು.

ಒಂದು ಬೆಳಿಗ್ಗೆ ಮನಸ್ಸು ಗಟ್ಟಿ ಮಾಡಿ ಹಳ್ಳಕ್ಕೆ ಹೋದಳು. ಒದ್ದೆ ಮಣ್ಣಿನಲ್ಲಿ ಮಂಡಿಯೂರಿ, ಒಂದು ದಂಟನ್ನು ಕನ್ನಡಕಕ್ಕೆ ತಾಗುವಷ್ಟು ಹತ್ತಿರ ಹಿಡಿದಳು. ರೋಮ ಇದ್ದಂತೆಯೂ ಕಂಡಿತು, ಇಲ್ಲದಂತೆಯೂ ಕಂಡಿತು. ಬೆರಳಲ್ಲಿ ಸವರಿದಳು. ಇಷ್ಟು ವರ್ಷ ಮುಳ್ಳು, ಮಣ್ಣು, ತಣ್ಣೀರಿನಲ್ಲಿ ಆಡಿದ ಬೆರಳ ತುದಿ ಒರಟಾಗಿತ್ತು. ಎಲ್ಲವೂ ಒಂದೇ ಎನ್ನಿಸಿತು. ಹೊಸಕಿ ಮೂಗಿಗೆ ಹಿಡಿದಳು. ಏನೋ ಒಂದು ಎಳೆಯಷ್ಟು ಪರಿಮಳ ಬಂದ ಹಾಗಾಯಿತು. ನಿಜವಾಗಿ ಬಂತೋ, ಬರಲಿ ಎಂದು ಹಂಬಲಿಸಿದ್ದಕ್ಕೆ ಬಂತೋ ದೇವರೇ ಬಲ್ಲ. ಬಂತು ಎಂದೇ ನಂಬಿದಳು. ತಂಗಿ ಯಾವಾಗಲೂ ಶುರುಮಾಡುತ್ತಿದ್ದ ಜಾಗದಿಂದಲೇ ಶುರುಮಾಡಿ ಬುಟ್ಟಿಗೆ ಅರ್ಧದಷ್ಟು ಕಿತ್ತಳು.

ಪೇಟೆಯಲ್ಲಿ ಜನ ಮುಗಿಬಿದ್ದರು. ಕ್ಷೌರದಂಗಡಿಯವನ ಹೆಂಡತಿ ಒಂದು ಕಟ್ಟು ಒಯ್ದಳು. ವಿದ್ಯಾರ್ಥಿನಿಯರ ಹಾಸ್ಟೆಲಿನ ಅಡುಗೆಯವಳು ದೊಡ್ಡದೊಂದು ಕಟ್ಟು ಒಯ್ದಳು. ದರ್ಜಿ ಅಜ್ಜಿ ಕಿಟಕಿಯಿಂದ ಹಗ್ಗಕ್ಕೆ ಚೀಲ ಕಟ್ಟಿ ಇಳಿಬಿಟ್ಟಳು. ಮೂಗಕ್ಕ ಅದರಲ್ಲಿ ಎಳೆಯದನ್ನೇ ಆರಿಸಿ ತುಂಬಿದಳು. ತಂಗಿ ಹೋದಾಗಿನಿಂದ ಮೊದಲ ಸಲ ಅವಳ ಮುಖದಲ್ಲಿ ಒಂದಿಷ್ಟು ಗೆಲುವು ಕಂಡಿತು. ಅದನ್ನು ನೋಡಿಯೇ ಇರಬೇಕು, ಮಧ್ಯಾಹ್ನದ ಹೊತ್ತಿಗೆ ಪಾತ್ರೆ ಅಂಗಡಿಯ ಯಜಮಾನ ಬಹಳ ದಿನದ ಮೇಲೆ ತಮಾಷೆಗಿಳಿದ. ಮೆಟ್ಟಿಲಿಳಿದು ಬಂದು, ಬುಟ್ಟಿಯಲ್ಲಿ ಉಳಿದ ಸೊಪ್ಪಿನಲ್ಲಿ ಕೈಯಾಡಿಸಿ ಬಗ್ಗಿದವನು ಮೂಗು ಮುಚ್ಚಿಕೊಂಡ.

"ಏನಕ್ಕಾ, ಬುಟ್ಟೀಲಿ ಇಲಿ ಮರಿ ಹಾಕಿದೆಯಾ?"

ಮೂಗಕ್ಕ ಬುಟ್ಟಿಯನ್ನು ಅವನತ್ತ ಎತ್ತಿ ಹಿಡಿದಳು. ಇನ್ನೊಮ್ಮೆ ಮೂಸಿ ಹೇಳು ಎಂದಳು. ಅವನು ಮೂಸಿದ. ಎಲ್ಲದರಲ್ಲೂ ಇಲ್ಲ, ಎಲ್ಲೋ ಒಂದು ಕಡೆಯಿಂದ ಬರುತ್ತಿದೆ ಎಂದ. ಯಾಕೆ, ನಿನಗೆ ಬರುತ್ತಿಲ್ಲವೇ ಎಂದು ಅವನು ಕೇಳುವಷ್ಟರಲ್ಲಿ ಅವಳು ಬೀದಿಯಲ್ಲಿದ್ದಳು.

ಕ್ಷೌರದಂಗಡಿಯವನ ಹೆಂಡತಿ ಸೊಪ್ಪನ್ನು ಇನ್ನೂ ನೀರಿನಲ್ಲಿ ನೆನೆಹಾಕಿದ್ದಳು. ಮೂಗಕ್ಕ ಬೋಗುಣಿಯನ್ನೇ ಎತ್ತಿಕೊಂಡು ಚರಂಡಿಗೆ ಸುರಿದಳು. ಅಲ್ಲಿಂದ ಹಾಸ್ಟೆಲ್. ಬೀದಿ ಅವಳಿಗೆ ಬಣ್ಣಗಳ ಕಲಸುಮೇಲೋಗರ. ಯಾರಿಗೋ ಡಿಕ್ಕಿ ಹೊಡೆದಳು, ಯಾರೋ ಬೈದರು. ಅಡುಗೆಮನೆಯಲ್ಲಿ ದೊಡ್ಡ ಪಾತ್ರೆ ಕುದಿಯುತ್ತಿತ್ತು. ಸೊಪ್ಪು ಬೆಂದು ಕರಗಿಹೋಗಿತ್ತು. ಪಾತ್ರೆಗೆ ಕೈ ಹಾಕಿ ಒಲೆಯಿಂದಲೇ ಉರುಳಿಸಿದಳು. ಅವಳ ಎರಡೂ ಅಂಗೈ ಸುಟ್ಟವು. ಅಡುಗೆಯವಳು ಸೌಟು ಹಿಡಿದು, ಹುಚ್ಚು ಹಿಡಿಯಿತೇನೇ, ಅಷ್ಟು ಮಕ್ಕಳಿಗೆ ಈಗ ಏನು ಬಡಿಸಲಿ ಎಂದು ಕಿರುಚಾಡಿದಳು. ಯಾರಾದರೂ ತಿಂದರಾ ಎಂಬುದೊಂದೇ ಮೂಗಕ್ಕನ ಪ್ರಶ್ನೆ. ಯಾರೂ ತಿಂದಿರಲಿಲ್ಲ.

ಅಲ್ಲಿಂದ ಓಡಿ ದರ್ಜಿ ಅಜ್ಜಿಯ ಮಹಡಿ ಹತ್ತಿದಳು. ಬಾಗಿಲು ಸುಮ್ಮನೆ ಮುಂದೆ ಮಾಡಿತ್ತು. ಹೊಲಿಗೆ ಯಂತ್ರದ ಪಕ್ಕ ಖಾಲಿ ತಟ್ಟೆ, ನುಣ್ಣಗೆ ಬಳಿದು ತಿಂದ ತಟ್ಟೆ. ಅಜ್ಜಿ ಮಂಚದ ಮೇಲೆ ಒರಗಿ, ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡವರ ಹಾಗೆ ಕಣ್ಣು ಮುಚ್ಚಿದ್ದಳು. ಮೂಗಕ್ಕ ಅವಳನ್ನು ಅಲುಗಾಡಿಸಿ ಎಬ್ಬಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಜ್ವರ ಬಂದಾಗಿನಿಂದ ತನಗೆ ವಾಸನೆ ಗೊತ್ತಾಗುವುದಿಲ್ಲ ಎಂದು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿ ಡಾಕ್ಟರು ಅಜ್ಜಿಯನ್ನು ಕೂಡಲೇ ಒಳಗೆ ಮಲಗಿಸಿ, ಹೊಟ್ಟೆಗೆ ಏನೋ ಕಪ್ಪು ಮದ್ದು ಕುಡಿಸಿದರು. ಇನ್ನು ಕಾಯಬೇಕು, ಕಾಲಿನ ಬಲ ನೋಡುತ್ತಿರಬೇಕು ಎಂದರು. ಮೂಗಕ್ಕ ಸುಟ್ಟ ಕೈಗೆ ಪಟ್ಟಿ ಕಟ್ಟಿಸಿಕೊಂಡು ಪಕ್ಕದ ಬೆಂಚಿನಲ್ಲಿ ಕೂತಳು. ತಂಗಿಯನ್ನು ಕರೆತಂದದ್ದೂ ಇಲ್ಲಿಗೇ. ಯಾವ ವಾರ್ಡು, ಯಾವ ಮಂಚ ಎಂದು ಅವಳು ಈವರೆಗೆ ಕೇಳಿರಲಿಲ್ಲ. ಆಗಾಗ ನರ್ಸು ಬಂದು, "ಕಾಲಿಂದ ನನ್ನ ಕೈನ ನೂಕಿ ಅಜ್ಜಿ" ಎನ್ನುತ್ತಿದ್ದಳು. ಅಜ್ಜಿ ನೂಕುತ್ತಿದ್ದಳು. ಪ್ರತಿ ಸಲವೂ ಮೂಗಕ್ಕ ಆ ಬಡಕಲು ಪಾದಗಳನ್ನೇ ನೋಡುತ್ತಿದ್ದಳು. ಮಸುಕಿನಲ್ಲಿ ಅವು ಅಲುಗಿದವೋ ಇಲ್ಲವೋ ಕಾಣದೆ, ನರ್ಸಿನ ಮುಖದ ಕಡೆ ತಿರುಗುತ್ತಿದ್ದಳು.

ಸಂಜೆಯಾದರೂ ಕಾಲು ಸೋಲಲಿಲ್ಲ. ಅಜ್ಜಿಯ ಕಟ್ಟಿನಲ್ಲಿ ಕಳ್ಳ ಇರಲಿಲ್ಲ. ಮನೆಗೆ ಹೋಗಬಹುದು ಎಂದು ಡಾಕ್ಟರು ಹೇಳಿದ ಮೇಲೆ ಅಜ್ಜಿ ಎದ್ದು ಕೂತು, ಮೊದಲ ಬಾರಿಗೆ ಮೂಗಕ್ಕನ ಕಡೆ ಮುಖ ತಿರುಗಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

"ನಿನ್ನ ಮೂಗು ಹೋಗಿದೆ ಅಂತ ಹೇಳಿದ್ರೆ ನಾನು ಸೊಪ್ಪು ತಿಂತಿರಲಿಲ್ಲ, ಅಷ್ಟೇ ತಾನೆ ಆಗ್ತಿದ್ದದ್ದು? ನಾನು ಸೊಪ್ಪು ನೋಡಿ ತಗೊಂಡೆ ಅಂದ್ಕೊಂಡೆಯಾ? ನಿಮ್ಮಿಬ್ಬರ ಮುಖ ನೋಡಿ ತಗೋತಿದ್ದೆ ಕಣೆ."

ಮೂಗಕ್ಕ ಅವಳನ್ನು ಮೆಟ್ಟಿಲು ಹತ್ತಿಸಿ ಬಿಡಲು ಹೋದಳು. ಅಜ್ಜಿ ಅವಳ ಕೈ ಹಿಡಿಯದೆ ಗೋಡೆ ಹಿಡಿದುಕೊಂಡೇ ಹತ್ತಿದಳು. ಆ ಕಿಟಕಿಯಿಂದ ಹಗ್ಗ ಮತ್ತೆ ಇಳಿಯಲಿಲ್ಲ.

ಮನೆಗೆ ಬಂದಾಗ ಬೀಗದವನು ಅಂಗಡಿ ಮುಚ್ಚಿ ಅಡುಗೆಕೋಣೆಯಲ್ಲಿ ಕೂತಿದ್ದ. ಸುದ್ದಿ ಅವನ ಕಿವಿಗೆ ಆಗಲೇ ಬಿದ್ದಿತ್ತು. ಮಧ್ಯಾಹ್ನ ಬಿಟ್ಟು ಹೋದ ಬುಟ್ಟಿಯನ್ನು ಪಾತ್ರೆ ಅಂಗಡಿಯ ಯಜಮಾನನೇ ತಂದುಕೊಟ್ಟಿದ್ದ. ಮೂಗಕ್ಕ ಬುಟ್ಟಿಯನ್ನು ಅವನ ಮುಂದೆ ಸರಿಸಿ, ಒಂದೊಂದೇ ಕಡ್ಡಿ ಹೊಸಕಿ ಮೂಸಿ ನೋಡಿ ಎಂದಳು. ಅವನು ಹೊಸ ಬೀಗ ಬಿಚ್ಚುವವನ ಹಾಗೆ ತಾಳ್ಮೆಯಿಂದ, ಒಂದೂ ಬಿಡದೆ ಮೂಸಿದ. ಬಹುಪಾಲು ಒಂದು ಕಡೆ ಬಿತ್ತು. ಇನ್ನೊಂದು ಕಡೆ ಒಂದು ಚಿಕ್ಕ ಹಿಡಿ ಉಳಿಯಿತು. ಚಿಕ್ಕದೇ, ಆದರೆ ಒಂದು ಮನೆಗೆ ಸಾಕಾಗುವಷ್ಟು. ಹಾಸ್ಟೆಲಿನ ಪಾತ್ರೆಯಲ್ಲಿ ಏನಿತ್ತು ಎಂಬುದು ಇನ್ನು ಯಾರಿಗೂ ಗೊತ್ತಾಗುವಂತಿರಲಿಲ್ಲ.

ಅವನು ಎರಡನ್ನೂ ಕಾಗದದಲ್ಲಿ ಸುತ್ತಿ ಒಲೆಗೆ ಹಾಕಿ, ಕೈ ತೊಳೆದು ಬಂದ. ಮೂಗಕ್ಕ ಒಳಗಿನ ಗೂಟದಿಂದ ಶಾಲು ತಂದು ಅವನ ಮುಂದೆ ಹಿಡಿದಳು. ಪಟ್ಟಿ ಕಟ್ಟಿದ ಕೈಗಳಲ್ಲಿ ಅದು ಜಾರುತ್ತಿತ್ತು.

"ಇದನ್ನೂ ಒಂದ್ಸಲ ನೋಡಿ. ನನಗೆ ಗೊತ್ತಾಗಲ್ಲ. ಹೇಗಿದೆ ಅಂತ ನೀವು ಬಾಯಲ್ಲಿ ಹೇಳಿದ್ರೆ ಸಾಕು."

ಅವನು ಶಾಲು ತೆಗೆದುಕೊಂಡ. ಮುಖದ ಹತ್ತಿರ ಒಯ್ಯಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಅದರ ಅಂಚಿನ ದಾರ ಸರಿಮಾಡತೊಡಗಿದ.

"ಇದ್ರಲ್ಲಿ ಏನೂ ಇಲ್ಲ ಅತ್ತಿಗೆ" ಎಂದ. "ಅವಳು ಹೋದ ದಿನ ಆಸ್ಪತ್ರೆಯವರು ಹೇಳಿದ್ರು, ಜ್ವರದ ಬಟ್ಟೆ, ಎಲ್ಲಾ ಕುದಿಸಿ ಒಗೀಬೇಕು ಅಂತ. ನೀವೂ ವಾಪಸ್ ಮನೆಗೆ ಬರೋರಿದ್ರಿ. ನಾನೇ ಕುದಿಸ್ದೆ. ದಿಂಬು, ಹೊದಿಕೆ, ಇದು, ಎಲ್ಲಾ. ಯೋಚ್ನೆ ಮಾಡ್ಲಿಲ್ಲ. ಆಮೇಲೆ ಒಂದೊಂದೇ ತೆಗೆದು ನೋಡ್ದೆ. ನನಗೂ ಏನೂ ಸಿಗಲಿಲ್ಲ."

ಅವಳು ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಇಷ್ಟು ದಿನ ಅವಳು ದೂರಿದ್ದು ತನ್ನ ಮೂಗನ್ನು. ಮೂಗು ಸರಿಯಿದ್ದಿದ್ದರೂ ಅಲ್ಲಿ ಮೂಸಲು ಏನೂ ಉಳಿದಿರಲಿಲ್ಲ. ತನ್ನ ಮೂಗು ಹೋದದ್ದಕ್ಕೆ ತಂಗಿ ಸಿಗುತ್ತಿಲ್ಲ ಎಂಬ ಒಂದು ಆಸರೆ ಇತ್ತಲ್ಲ, ಅದೂ ಹೋಯಿತು. ಆಸ್ಪತ್ರೆಯ ಮಂಚದಲ್ಲಿ ಕಾದರೂ ಬಾರದಿದ್ದ ಅಳು ಆಗ ಬಂತು. ಬೀಗದವನು ಎದ್ದು ಹೋಗಲಿಲ್ಲ. ಅವನ ಹೆಗಲೂ ಅಲುಗುತ್ತಿದ್ದುದು ಅವಳ ಕಣ್ಣಿಗೂ ಕಂಡಿತು.

ಮರುದಿನ ಬೆಳಿಗ್ಗೆ ಅವಳು ಖಾಲಿ ಬುಟ್ಟಿಯೊಂದಿಗೆ ಮೆಟ್ಟಿಲ ಪಕ್ಕ ಕೂತಳು. ಬಂದ ಗಿರಾಕಿಗಳಿಗೆಲ್ಲ ತನಗೆ ಏನಾಗಿದೆ, ನಿನ್ನೆ ಏನಾಗಬಹುದಿತ್ತು ಎಂದು ತಾನೇ ಹೇಳಿದಳು. ಕೆಲವರು ಅಯ್ಯೋ ಪಾಪ ಎಂದರು. ಕೆಲವರು ಹಿಂದೆ ತಿಂದ ಸೊಪ್ಪನ್ನೆಲ್ಲ ನೆನೆದು ಹೊಟ್ಟೆ ಹಿಡಿದುಕೊಂಡರು. ಮಧ್ಯಾಹ್ನ ಎದ್ದು, ಬುಟ್ಟಿಯನ್ನು ಅಲ್ಲೇ ಬಿಟ್ಟು ಬಂದಳು.

ಆ ಬೇಸಿಗೆ ಕಳೆಯುವಷ್ಟರಲ್ಲಿ ಬೀಗದವನು ಬೇರೆ ಊರಿನಲ್ಲಿದ್ದ ಅಣ್ಣನ ಅಂಗಡಿಗೆ ಹೋಗಿ ಸೇರಿಕೊಂಡ. ಹೆಂಡತಿ ಸತ್ತ ಗಂಡಸು, ಮದುವೆಯಿಲ್ಲದ ಅತ್ತಿಗೆ, ಒಂದೇ ಮನೆ ಎಂದು ಬೀದಿಯಲ್ಲಿ ಬಾಯಿಗೊಂದು ಮಾತು ಹುಟ್ಟತೊಡಗಿತ್ತು. ಹೊರಡುವ ದಿನ ಅವನು, ಮೂಗಕ್ಕನಿಗೇ ಬಿಟ್ಟುಹೋಗುತ್ತಿದ್ದ ಮನೆಯ ಬಾಗಿಲಿಗೆ ತಾನೇ ಮಾಡಿದ ಒಂದು ಗಟ್ಟಿ ಬೀಗ ಹಾಕಿಕೊಟ್ಟ. ಕೀಲಿಯ ಯಾವ ಮಗ್ಗುಲು ಮೇಲೆ ಬರಬೇಕೆಂದು ಕೈಗೇ ಗೊತ್ತಾಗಲಿ ಎಂದು ಅದರ ತಲೆಗೆ ಗೀರು ಎಳೆದಿದ್ದ. ಅಷ್ಟು ವರ್ಷದಲ್ಲಿ ಅವನು ನೇರವಾಗಿ ಅವಳಿಗೆಂದು ಮಾಡಿಕೊಟ್ಟ ವಸ್ತು ಅದೊಂದೇ.

ಹಾಸ್ಟೆಲಿನ ಅಡುಗೆಯವಳು ಒಂದು ದಿನ ತಾನೇ ಹುಡುಕಿಕೊಂಡು ಬಂದಳು. ಅವತ್ತು ಉರುಳಿಸಿದ ಪಾತ್ರೆ ಇನ್ನೂ ಡೊಂಕಾಗೇ ಇದೆ, ಅದನ್ನು ತಿಕ್ಕುವುದಕ್ಕಾದರೂ ಬಾ ಎಂದು ಬೈಗುಳದಲ್ಲೇ ಕರೆದಳು. ಮೂಗಕ್ಕ ಹೋದಳು. ಪಾತ್ರೆ ತೊಳೆಯುವುದು, ಬಟಾಣಿ ಸುಲಿಯುವುದು, ಕಾಳು ಆರಿಸುವುದನ್ನು ಇನ್ನೊಬ್ಬರಿಗೆ ಬಿಟ್ಟು ಹಿಟ್ಟು ನಾದುವುದು. ಒಲೆಯ ಹತ್ತಿರ ಅವಳನ್ನು ಬಿಡುತ್ತಿರಲಿಲ್ಲ. ಅಲ್ಲಿ ಅವಳನ್ನು ಮೂಗಕ್ಕ ಎನ್ನುವವರು ಯಾರೂ ಇರಲಿಲ್ಲ. ಹುಡುಗಿಯರಿಗೆ ಅವಳು ಬರೀ ಅಕ್ಕ. ಮೂಗು ಮರಳಲಿಲ್ಲ.

ಮುಂದಿನ ವರ್ಷ ಒಂದು ರಜೆಯ ದಿನ ಅವಳೂ ಅಡುಗೆಯವಳೂ ಊರಾಚೆಯ ಗಿರಣಿಯಿಂದ ಹಿಟ್ಟು ಬೀಸಿಸಿಕೊಂಡು ನಡೆದು ಬರುತ್ತಿದ್ದರು. ದಾರಿ ಹಳೆಯ ಇಟ್ಟಿಗೆ ಗೂಡುಗಳ ಪಕ್ಕದಲ್ಲೇ ಹಾದುಹೋಗುತ್ತದೆ. ಅಡುಗೆಯವಳು ದಡಕ್ಕೆ ಇಳಿದು ಒಂದು ಹಿಡಿ ಎಳೆಸೊಪ್ಪು ಕಿತ್ತು ತಂದು ಅವಳ ಮುಖದ ಮುಂದೆ ಹಿಡಿದು, ಇದು ತಿನ್ನುವುದೇ ತಾನೆ ಎಂದು ಕೇಳಿದಳು. ಮೂಗಕ್ಕ ಕನ್ನಡಕ ಸರಿಮಾಡಿಕೊಂಡು ಅದನ್ನು ಕೈಗೆ ತೆಗೆದುಕೊಂಡಳು. ದಂಟು ಸವರಿದಳು. ಮೂಗಿನ ಹತ್ತಿರ ಒಯ್ಯಲಿಲ್ಲ.

"ಗೊತ್ತಿಲ್ಲ ಕಣೆ. ಬಿಸಾಕು, ಕೈ ತೊಳ್ಕೊ."

"ನಿನಗೇ ಗೊತ್ತಿಲ್ಲ ಅಂದ್ರೆ ಇನ್ಯಾರಿಗೆ ಗೊತ್ತಿರುತ್ತೆ?"

"ನನ್ನ ತಂಗಿಗೆ ಗೊತ್ತಿತ್ತು." 

ಮೂಗಕ್ಕ ಹಿಟ್ಟಿನ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ಅಡುಗೆಯವಳು ಕೈ ತೊಳೆದು ಮೇಲೆ ಬರುವವರೆಗೆ ದಾರಿಯಲ್ಲೇ ನಿಂತಳು. ಜೊಂಡಿನಲ್ಲಿ ಏನೋ ಸರಿಯಿತು. ಅಡುಗೆಯವಳು ಬೆಚ್ಚಿ ಓಡಿಬಂದು ಅವಳ ತೋಳು ಹಿಡಿದಳು. ಇಬ್ಬರೂ ಬೇಗ ಬೇಗ ಹೆಜ್ಜೆ ಹಾಕಿ ಹಾಸ್ಟೆಲಿಗೆ ಬಂದರು. ಸಂಜೆಯ ಹಿಟ್ಟು ಇನ್ನೂ ನಾದಬೇಕಿತ್ತು.